ಪೀರಿಯಾಡಿಕ್ ಪೆರಾಲಿಸಿಸ್: ಔಷಧಿ ಮತ್ತು ಆಹಾರದಿಂದ ಹಿಡಿತದಲ್ಲಿಟ್ಟುಕೊಳ್ಳುವ ಬಗೆ

ರಾತ್ರಿ ಹೊಟ್ಟೆ ತುಂಬ ಉಂಡು ಎಂದಿನಂತೆ ಮಲಗಿದವರು ಬೆಳಗಿನ ಜಾವ ಎಚ್ಚರವಾದಾಗ ಕಾಲು ಮಡಚಲಾಗದೆ, ಮಗ್ಗುಲು ಬದಲಿಸಲಾಗದೆ ಬಿದ್ದಿರುತ್ತಾರೆ. ಪ್ರಜ್ಞೆ ಸ್ಪಷ್ಟವಾಗಿರುತ್ತದೆ, ಮುಟ್ಟಿದರೆ ಗೊತ್ತಾಗುತ್ತದೆ, ಸಾಮಾನ್ಯವಾಗಿ ಉಸಿರಾಟಕ್ಕೂ ತೊಂದರೆ ಇರುವುದಿಲ್ಲ. ಕೈಕಾಲುಗಳಲ್ಲಿ ಬಲ ಮಾತ್ರ ಇಲ್ಲ. ಕೆಲವು ಗಂಟೆಗಳ, ಕೆಲವೊಮ್ಮೆ ಒಂದೆರಡು ದಿನಗಳ ನಂತರ ಅದೇ ವ್ಯಕ್ತಿ ಏನೂ ಆಗದವರಂತೆ ಎದ್ದು ಓಡಾಡುತ್ತಾರೆ. ಪೀರಿಯಾಡಿಕ್ ಪೆರಾಲಿಸಿಸ್ ಎಂಬ ಅಪರೂಪದ ಸ್ನಾಯುರೋಗದ ಚಹರೆ ಇದು. ಕನ್ನಡದಲ್ಲಿ ಲಕ್ವ ಅಥವಾ ಪಾರ್ಶ್ವವಾಯು ಎಂದೊಡನೆ ಮಿದುಳಿನ ರಕ್ತನಾಳದ ತೊಂದರೆ ನೆನಪಿಗೆ ಬರುವುದರಿಂದ ಆ ಪದಗಳನ್ನು ಇಲ್ಲಿ ಬಳಸದಿರುವುದೇ ಒಳ್ಳೆಯದು. ಈ ರೋಗದಲ್ಲಿ ಮಿದುಳು ಸರಿಯಾಗಿಯೇ ಇರುತ್ತದೆ, ನರವೂ ಸಂದೇಶವನ್ನು ತಲುಪಿಸುತ್ತದೆ. ಸಂದೇಶ ತಲುಪಿದ ಸ್ನಾಯು ಅದಕ್ಕೆ ಓಗೊಡುವುದಿಲ್ಲ.

ಈ ರೋಗದ ಸಾಮಾನ್ಯ ರೂಪವಾದ, ರಕ್ತದ ಪೊಟ್ಯಾಸಿಯಂ ಇಳಿಯುವ ಹೈಪೊಕಲೇಮಿಕ್ ವಿಧವು ಸುಮಾರು ಒಂದು ಲಕ್ಷ ಜನರಲ್ಲಿ ಒಬ್ಬರಿಗೆ ಇರುತ್ತದೆಂಬ ಅಂದಾಜಿದೆ. ಇಷ್ಟು ವಿರಳವಾದ ಕಾಯಿಲೆಯನ್ನು ಎಷ್ಟೋ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ. ಆದ್ದರಿಂದ ರೋಗಿಯೇ ತನ್ನ ರೋಗದ ವಿಷಯವನ್ನು ಚೆನ್ನಾಗಿ ಅರಿತಿರಬೇಕಾಗುತ್ತದೆ. ಈ ಬರಹ ಅದಕ್ಕೆಂದೇ ಇದೆ. ಔಷಧಿಯ ಪ್ರಮಾಣವನ್ನು ಮಾತ್ರ ಪ್ರತಿಯೊಬ್ಬರಿಗೂ ಅವರ ನರರೋಗ ತಜ್ಞರೇ ಗೊತ್ತುಮಾಡಬೇಕು. ಇಲ್ಲಿ ಕೊಟ್ಟಿರುವ ಅಂಕಿಗಳು ತಜ್ಞರ ಮಾತನ್ನು ಅರ್ಥಮಾಡಿಕೊಳ್ಳುವುದಕ್ಕೆ ಹೊರತು ತಾನೇ ಔಷಧಿ ಆರಂಭಿಸುವುದಕ್ಕಲ್ಲ.

ಮೊದಲು ವಿಧ ಖಚಿತವಾಗಬೇಕು

ಊಟ, ಔಷಧಿಗಳ ಮಾತಿಗೆ ಹೋಗುವ ಮುನ್ನ ತೀರ್ಮಾನವಾಗಬೇಕಾದ ಪ್ರಶ್ನೆಯೊಂದಿದೆ: ಬಲಗುಂದಿದ ಹೊತ್ತಿನಲ್ಲಿ ರಕ್ತದ ಪೊಟ್ಯಾಸಿಯಂ ಇಳಿಯುತ್ತದೆಯೋ, ಏರುತ್ತದೆಯೋ? ರಕ್ತದಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಲೀಟರಿಗೆ 3.5ರಿಂದ 5.0 ಮಿಲಿಮೋಲ್ ಆಸುಪಾಸಿನಲ್ಲಿರುತ್ತದೆ. ಹೈಪೊಕಲೇಮಿಕ್ ವಿಧದಲ್ಲಿ ರೋಗಿಗಳು ‘ಅಟ್ಯಾಕ್’ ಎಂದು ಕರೆಯುವ ಆ ಹೊತ್ತಿನಲ್ಲಿ ಅದು ಈ ಮಟ್ಟಕ್ಕಿಂತ ಕೆಳಗಿಳಿಯುತ್ತದೆ. ಹೈಪರ್‌ಕಲೇಮಿಕ್ ವಿಧದಲ್ಲಿ ಅದು ಏರುತ್ತದೆ, ಅಥವಾ ಸಾಮಾನ್ಯ ಮಟ್ಟದಲ್ಲೇ ಇದ್ದು ಪೊಟ್ಯಾಸಿಯಂ ಸೇವಿಸಿದಾಗ ಬಲ ಇನ್ನಷ್ಟು ಕುಸಿಯುತ್ತದೆ. ಒಂದು ವಿಧದವರಿಗೆ ಮದ್ದಾದದ್ದು ಇನ್ನೊಂದು ವಿಧದವರಿಗೆ ನೇರ ಅಪಾಯವಾಗುವುದರಿಂದ, ಅದೇ ರೋಗವಿರುವ ಬೇರೆಯವರ ಸಲಹೆಯನ್ನು ಅನುಸರಿಸುವ ಮುನ್ನ ಅವರದು ಯಾವ ವಿಧವೆಂದು ಕೇಳುವುದನ್ನು ಮರೆಯಬಾರದು.

ಅಟ್ಯಾಕ್ ನಡೆಯುತ್ತಿರುವಾಗಲೇ ತೆಗೆದ ರಕ್ತವೇ ಈ ಪ್ರಶ್ನೆಗೆ ಉತ್ತರ ಕೊಡಬಲ್ಲದು. ಚೇತರಿಸಿಕೊಂಡ ಮೇಲೆ ಮಾಡಿಸಿದ ಪರೀಕ್ಷೆ ಎಲ್ಲವೂ ಸರಿಯಿದೆ ಎಂದೇ ಹೇಳುತ್ತದೆ. ಇಂಥ ವರದಿಯೇ ಅನೇಕ ರೋಗಿಗಳನ್ನು ವರ್ಷಗಟ್ಟಲೆ ‘ಮಾನಸಿಕ’ ಎಂಬ ಹಣೆಪಟ್ಟಿಯಡಿ ಇರಿಸಿದೆ. ರಕ್ತ ತೆಗೆಯುವಾಗ ಮುಷ್ಟಿಯನ್ನು ಪದೇ ಪದೇ ಬಿಗಿಹಿಡಿದು ಬಿಟ್ಟರೆ, ಅಥವಾ ಸಿರಿಂಜಿನಲ್ಲಿ ರಕ್ತಕಣಗಳು ಒಡೆದರೆ, ಪೊಟ್ಯಾಸಿಯಂ ನಿಜಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ ಎಂಬುದೂ ತಿಳಿದಿರಲಿ. ಅದೇ ವೇಳೆಗೆ ಇಸಿಜಿಯನ್ನೂ ಮಾಡಿಸಬೇಕು, ಏಕೆಂದರೆ ಪೊಟ್ಯಾಸಿಯಂ ಇಳಿದಾಗ ಕಾಣಿಸುವ ಯು ಅಲೆಯಾಗಲಿ, ಏರಿದಾಗ ಎತ್ತರವಾಗುವ ಟಿ ಅಲೆಯಾಗಲಿ ಪ್ರಯೋಗಾಲಯದ ವರದಿಗಿಂತ ಬೇಗ ಸುಳಿವು ಕೊಡುತ್ತದೆ.

ವಂಶವಾಹಿ ಪರೀಕ್ಷೆ ರೋಗನಿರ್ಣಯವನ್ನು ಗಟ್ಟಿಮಾಡುತ್ತದೆ. ಹೈಪೊಕಲೇಮಿಕ್ ವಿಧದ ಬಹುಪಾಲು ಜನರಲ್ಲಿ ಸ್ನಾಯುಕೋಶದ ಪೊರೆಯಲ್ಲಿ ಕ್ಯಾಲ್ಸಿಯಂ ಹಾಯುವ ದಾರಿಯಾದ ಕ್ಯಾಲ್ಸಿಯಂ ವಾಹಿನಿಯ ಸಿಎಸಿಎನ್‌ಎ1ಎಸ್ ಜೀನಿನಲ್ಲೂ, ಕೆಲವರಲ್ಲಿ ಸೋಡಿಯಂ ವಾಹಿನಿಯ ಎಸ್‌ಸಿಎನ್4ಎ ಜೀನಿನಲ್ಲೂ ದೋಷವಿರುತ್ತದೆ. ಹೈಪರ್‌ಕಲೇಮಿಕ್ ವಿಧಕ್ಕೆ ಕಾರಣವಾಗುವುದು ಮುಖ್ಯವಾಗಿ ಎಸ್‌ಸಿಎನ್4ಎ. ಕೆಸಿಎನ್‌ಜೆ2 ಜೀನಿನ ದೋಷದಿಂದ ಬರುವ ಆಂಡರ್ಸನ್-ಟವಿಲ್ ಸಿಂಡ್ರೋಮ್ ಎಂಬ ಮೂರನೆಯ ರೂಪದಲ್ಲಿ ಸ್ನಾಯುವಿನ ಜೊತೆಗೆ ಹೃದಯದ ಬಡಿತವೂ ಹದ ತಪ್ಪುತ್ತದೆ. ಅಂಥವರ ಚಿಕಿತ್ಸೆಯಲ್ಲಿ ಹೃದ್ರೋಗ ತಜ್ಞರು ಮೊದಲಿನಿಂದಲೂ ಪಾಲ್ಗೊಂಡಿರಬೇಕು. ವಂಶವಾಹಿಯ ವರದಿಯಲ್ಲಿ ಏನೂ ಸಿಗದಿದ್ದರೆ ದೀರ್ಘ ವ್ಯಾಯಾಮ ಪರೀಕ್ಷೆ ನೆರವಿಗೆ ಬರುತ್ತದೆ: ಕಿರುಬೆರಳಿನ ಸ್ನಾಯುವನ್ನು ಐದು ನಿಮಿಷ ಜೋರಾಗಿ ದುಡಿಸಿ, ನಂತರದ ಮುಕ್ಕಾಲು ಗಂಟೆಯ ಅವಧಿಯಲ್ಲಿ ಅದರ ವಿದ್ಯುತ್ ಪ್ರತಿಕ್ರಿಯೆ ಎಷ್ಟು ಕುಗ್ಗುತ್ತದೆಂದು ಅಳೆಯಲಾಗುತ್ತದೆ. ಶೇ. 40ಕ್ಕಿಂತ ಹೆಚ್ಚು ಕುಗ್ಗಿದರೆ ರೋಗದ ಸಂಶಯ ಬಲವಾಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ಎಂದೂ ಬಿಡಬಾರದು, ಅದು ಥೈರಾಯ್ಡ್. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವಾಗಲೂ ಪೊಟ್ಯಾಸಿಯಂ ಇದೇ ರೀತಿ ಇಳಿದು ಕೈಕಾಲು ಸೋಲುತ್ತದೆ. ಏಷ್ಯಾ ಮೂಲದ ಗಂಡಸರಲ್ಲಿ, ಅದರಲ್ಲೂ ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಇದು ಹೆಚ್ಚು. ವಂಶಪಾರಂಪರ್ಯ ರೋಗವು ಸಾಮಾನ್ಯವಾಗಿ ಬದುಕಿನ ಮೊದಲ ಎರಡು ದಶಕಗಳಲ್ಲೇ ತಲೆದೋರುವುದರಿಂದ, ಇಪ್ಪತ್ತೈದು ದಾಟಿದ ಮೇಲೆ ಮೊದಲ ಬಾರಿ ಬಲಗುಂದಿದವರಲ್ಲಿ ಥೈರಾಯ್ಡನ್ನು ಮೊದಲು ಸಂಶಯಿಸಬೇಕು. ಥೈರಾಯ್ಡ್ ಸರಿಹೋದರೆ ಅಟ್ಯಾಕ್‌ಗಳೂ ನಿಲ್ಲುತ್ತವೆ. ಅಲ್ಲಿಯವರೆಗೆ ಅಡ್ರಿನಲಿನ್‌ನ ಪ್ರಭಾವವನ್ನು ತಡೆಯುವ ಪ್ರೊಪ್ರನಲಾಲ್ ಕೊಡುತ್ತಾರೆ. ಮುಂದೆ ಹೇಳಲಿರುವ ಅಸಿಟಜೋಲಮೈಡ್ ಇವರಿಗೆ ಸಲ್ಲದು.

ಪೊಟ್ಯಾಸಿಯಂ ಎಲ್ಲಿಗೆ ಹೋಗುತ್ತದೆ

ಆಹಾರದ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವುಗಳ ಹಿಂದಿನ ಕಾರಣವನ್ನು ತಿಳಿದುಕೊಳ್ಳುವುದು ಮೇಲು, ಏಕೆಂದರೆ ಕಾರಣ ತಿಳಿದವರು ಪಟ್ಟಿಯಲ್ಲಿಲ್ಲದ ಸಂದರ್ಭದಲ್ಲೂ ಸರಿಯಾಗಿ ನಡೆದುಕೊಳ್ಳಬಲ್ಲರು. ದೇಹದ ಪೊಟ್ಯಾಸಿಯಂನಲ್ಲಿ ಶೇ. 98ರಷ್ಟು ಜೀವಕೋಶಗಳ ಒಳಗೇ ಇರುತ್ತದೆ. ರಕ್ತ ಪರೀಕ್ಷೆಯಲ್ಲಿ ಕಾಣುವುದು ಹೊರಗೆ ಉಳಿದ ಅಲ್ಪ ಭಾಗ ಮಾತ್ರ. ಹೈಪೊಕಲೇಮಿಕ್ ಅಟ್ಯಾಕ್ ಬಂದಾಗ ಪೊಟ್ಯಾಸಿಯಂ ದೇಹದಿಂದ ಹೊರಗೆ ಹೋಗಿರುವುದಿಲ್ಲ, ರಕ್ತದಿಂದ ಸ್ನಾಯುಕೋಶದ ಒಳಕ್ಕೆ ಸರಿದಿರುತ್ತದೆ. ಹಾಗೆ ಸರಿಯುವಂತೆ ಮಾಡುವುದು ಮುಖ್ಯವಾಗಿ ಇನ್ಸುಲಿನ್ ಮತ್ತು ಅಡ್ರಿನಲಿನ್. ಭರ್ಜರಿ ಊಟವಾದಾಗ ಇನ್ಸುಲಿನ್ ಏರುತ್ತದೆ, ಗಾಬರಿಯಾದಾಗ ಅಡ್ರಿನಲಿನ್ ಏರುತ್ತದೆ. ದಣಿದ ಸ್ನಾಯುವೂ ಅಷ್ಟೆ: ದುಡಿಯುವಾಗ ಅದು ಪೊಟ್ಯಾಸಿಯಂ ಅನ್ನು ಹೊರಕ್ಕೆ ಬಿಟ್ಟು, ವಿಶ್ರಾಂತಿಯ ವೇಳೆಯಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೆ.

ಆರೋಗ್ಯವಂತರಲ್ಲೂ ಇದೆಲ್ಲ ನಡೆಯುತ್ತದೆ, ಆದರೆ ಅವರು ಬಿದ್ದುಬಿಡುವುದಿಲ್ಲ. ರೋಗಿಯ ಸ್ನಾಯುವಿನ ವಾಹಿನಿಗಳಲ್ಲಿ ಇರಬಾರದ ಕಡೆ ಸಣ್ಣದೊಂದು ಸೋರುವಿಕೆ ಇರುತ್ತದೆಂದು 2007ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಹೊರಗಿನ ಪೊಟ್ಯಾಸಿಯಂ ಸಾಮಾನ್ಯ ಮಟ್ಟದಲ್ಲಿರುವ ತನಕ ಸ್ನಾಯು ಈ ಸೋರಿಕೆಯನ್ನು ತಾಳಿಕೊಳ್ಳುತ್ತದೆ. ಅದು ಇಳಿದಾಗ ಸ್ನಾಯುಪೊರೆಯ ವಿದ್ಯುತ್ ಸ್ಥಿತಿ ಕುಸಿದು, ಸಂಕೋಚನಕ್ಕೆ ಚಾಲನೆ ಕೊಡಬೇಕಾದ ಸೋಡಿಯಂ ವಾಹಿನಿಗಳು ಮುಚ್ಚಿಕೊಂಡುಬಿಡುತ್ತವೆ. ಆದುದರಿಂದ ಹೈಪೊಕಲೇಮಿಕ್ ವಿಧದವರ ಆಹಾರಕ್ರಮದ ಗುರಿ ಪೊಟ್ಯಾಸಿಯಂ ಅನ್ನು ಹೇರಳವಾಗಿ ತಿನ್ನುವುದಲ್ಲ, ಅದು ಥಟ್ಟನೆ ಕೋಶದ ಒಳಕ್ಕೆ ನುಗ್ಗದಂತೆ ನೋಡಿಕೊಳ್ಳುವುದು. ಈ ವ್ಯತ್ಯಾಸವನ್ನು ಗಮನಿಸದ ಕಾರಣ ಬಾಳೆಹಣ್ಣನ್ನೇ ನಂಬಿ ಕುಳಿತು ತೊಂದರೆ ಅನುಭವಿಸುವವರಿದ್ದಾರೆ.

ಬಾಳೆಹಣ್ಣಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡಬಹುದು. ಮಧ್ಯಮ ಗಾತ್ರದ ಒಂದು ಹಣ್ಣಿನಲ್ಲಿ ಸುಮಾರು 420 ಮಿಲಿಗ್ರಾಂ, ಅಂದರೆ 11 ಮಿಲಿಮೋಲಿನಷ್ಟು ಪೊಟ್ಯಾಸಿಯಂ ಇರುತ್ತದೆ. ಜೊತೆಗೆ ಸಕ್ಕರೆ, ಪಿಷ್ಟ ಸೇರಿ ಸುಮಾರು 27 ಗ್ರಾಂ ಕಾರ್ಬೊಹೈಡ್ರೇಟ್ ಇರುತ್ತದೆ. ಅರವತ್ತು ಕಿಲೋ ತೂಕದವರಿಗೆ ಅಟ್ಯಾಕ್ ಸಮಯದಲ್ಲಿ 60 ಮಿಲಿಮೋಲ್ ಪೊಟ್ಯಾಸಿಯಂ ಬೇಕಾಯಿತೆಂದು ಇಟ್ಟುಕೊಂಡರೆ ಐದಾರು ಹಣ್ಣು ತಿನ್ನಬೇಕು, ಅದರೊಂದಿಗೆ 150 ಗ್ರಾಂ ಕಾರ್ಬೊಹೈಡ್ರೇಟೂ ಒಳಗೆ ಹೋಗುತ್ತದೆ. ಅದು ಎಬ್ಬಿಸುವ ಇನ್ಸುಲಿನ್, ಬಂದ ಪೊಟ್ಯಾಸಿಯಂ ಅನ್ನು ಮತ್ತೆ ಕೋಶದ ಒಳಕ್ಕೇ ತಳ್ಳುತ್ತದೆ. ದಿನನಿತ್ಯದ ಊಟದ ಭಾಗವಾಗಿ ಹಣ್ಣು ಇರಲಿ. ಅಟ್ಯಾಕ್ ಬಂದಾಗ ಅದು ಔಷಧಿಯಲ್ಲ.

ಹೈಪೊಕಲೇಮಿಕ್ ವಿಧದವರ ಊಟ

ಮೊದಲ ಮತ್ತು ಅತಿಮುಖ್ಯವಾದ ನಿಯಮ, ಒಂದೇ ಸಲಕ್ಕೆ ಹೆಚ್ಚು ತಿನ್ನದಿರುವುದು. ದಿನದ ಆಹಾರವನ್ನು ಮೂರು ದೊಡ್ಡ ಊಟಗಳಿಗೆ ಬದಲಾಗಿ ಐದಾರು ಸಣ್ಣ ಪಾಲುಗಳಾಗಿ ಹಂಚಿಕೊಂಡರೆ ಇನ್ಸುಲಿನ್ ಒಮ್ಮೆಲೇ ಜಿಗಿಯುವುದು ತಪ್ಪುತ್ತದೆ. ಅದರಲ್ಲೂ ರಾತ್ರಿಯ ಊಟ ಹಗುರವಾಗಿರಬೇಕು, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿದಿರಬೇಕು. ನಿದ್ದೆಯಲ್ಲಿ ಸ್ನಾಯುಗಳು ನಿಶ್ಚಲವಾಗಿರುವುದರಿಂದ ಊಟದ ಪರಿಣಾಮ ಮತ್ತು ವಿಶ್ರಾಂತಿಯ ಪರಿಣಾಮ ಎರಡೂ ಒಟ್ಟುಗೂಡುತ್ತವೆ. ಅಟ್ಯಾಕ್‌ಗಳು ಹೆಚ್ಚಾಗಿ ಬೆಳಗಿನ ಜಾವವೇ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ.

ಕಾರ್ಬೊಹೈಡ್ರೇಟನ್ನು ಸಂಪೂರ್ಣವಾಗಿ ಬಿಡಬೇಕಾಗಿಲ್ಲ. ಸಿಹಿತಿಂಡಿ, ಸಕ್ಕರೆ ಬೆರೆಸಿದ ಪಾನೀಯ, ಬಿಳಿ ಬ್ರೆಡ್, ನಯವಾಗಿ ಪಾಲಿಶ್ ಮಾಡಿದ ಧಾನ್ಯ, ಹಣ್ಣಿನ ರಸ ಇವು ಬೇಗನೆ ಸಕ್ಕರೆಯಾಗಿ ರಕ್ತ ಸೇರುವುದರಿಂದ ಇವನ್ನು ದೂರವಿಡಬೇಕು. ತವುಡು ತೆಗೆಯದ ಧಾನ್ಯ, ಬೇಳೆಕಾಳು, ತರಕಾರಿ, ಮೊಟ್ಟೆ, ಮೀನು, ಮೊಸರು, ಕಾಯಿಬೀಜಗಳಿಗೆ ತಟ್ಟೆಯಲ್ಲಿ ಹೆಚ್ಚು ಜಾಗ ಕೊಡಬೇಕು. ಪ್ರೋಟೀನ್, ಕೊಬ್ಬು ಮತ್ತು ನಾರಿನ ಜೊತೆಯಲ್ಲಿ ತಿಂದ ಪಿಷ್ಟ ನಿಧಾನವಾಗಿ ಜೀರ್ಣವಾಗುತ್ತದೆ. ಸಮಾರಂಭಗಳ ಊಟ ಈ ರೋಗಿಗಳ ಪಾಲಿಗೆ ನಿಜಕ್ಕೂ ಕಷ್ಟದ ಸಂದರ್ಭ, ಏಕೆಂದರೆ ಅಲ್ಲಿ ತಡರಾತ್ರಿ, ಸಿಹಿ, ಉಪ್ಪು, ಓಡಾಟದ ದಣಿವು ಎಲ್ಲವೂ ಒಂದೇ ದಿನ ಬಂದೊದಗುತ್ತವೆ. ಹೊರಡುವ ಮುನ್ನ ಮನೆಯಲ್ಲೇ ಸ್ವಲ್ಪ ತಿಂದು, ಅಲ್ಲಿ ಸಿಹಿಯನ್ನು ರುಚಿಗಷ್ಟೇ ಮುಟ್ಟುವುದು ಹಲವರಿಗೆ ಒಗ್ಗುವ ಉಪಾಯ.

ಉಪ್ಪಿನ ವಿಷಯವನ್ನು ಅನೇಕರು ಹಗುರವಾಗಿ ಕಾಣುತ್ತಾರೆ. ಹೆಚ್ಚು ಸೋಡಿಯಂ ಕೂಡ ಅಟ್ಯಾಕನ್ನು ಎಬ್ಬಿಸಬಲ್ಲದು, ಮೂತ್ರದಲ್ಲಿ ಪೊಟ್ಯಾಸಿಯಂ ನಷ್ಟವಾಗುವುದನ್ನೂ ಹೆಚ್ಚಿಸುತ್ತದೆ. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುತ್ತದೆ; ಈ ರೋಗಿಗಳು ಅದನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಒಳ್ಳೆಯದು. ಅಡುಗೆಗೆ ಹಾಕುವ ಉಪ್ಪಲ್ಲದೆ ಪೊಟ್ಟಣದ ಕುರುಕಲು, ಸಂಸ್ಕರಿಸಿದ ಮಾಂಸ, ಸಾಸ್, ಸಿದ್ಧ ಸೂಪ್‌ಗಳ ಮೂಲಕವೂ ಉಪ್ಪು ಬರುತ್ತದೆ. ಅಂಗಡಿಯಲ್ಲಿ ‘ಲೋ ಸೋಡಿಯಂ’ ಹೆಸರಿನಲ್ಲಿ ಸಿಗುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಹೈಪೊಕಲೇಮಿಕ್ ವಿಧದವರು ವೈದ್ಯರನ್ನು ಕೇಳಿ ಅದನ್ನು ಬಳಸಬಹುದು, ಹೈಪರ್‌ಕಲೇಮಿಕ್ ವಿಧದವರು ಅದನ್ನು ಮನೆಯೊಳಕ್ಕೇ ತರಬಾರದು.

ಮದ್ಯ ಬೇಡ. ಅತಿಮಧುರವನ್ನು ಬೆರೆಸಿದ ಕಷಾಯ, ಮಿಠಾಯಿಗಳೂ ಬೇಡ. ಅತಿಮಧುರವು ಮೂತ್ರಪಿಂಡದ ಮೂಲಕ ಪೊಟ್ಯಾಸಿಯಂ ಹೊರಹೋಗುವಂತೆ ಮಾಡುತ್ತದೆ ಎಂಬುದು ಚೆನ್ನಾಗಿ ಗೊತ್ತಿರುವ ಸಂಗತಿ. ವಾಂತಿ, ಭೇದಿಗಳು ಕಾಣಿಸಿಕೊಂಡ ದಿನಗಳಲ್ಲಿ ನಿಜವಾಗಿಯೂ ಪೊಟ್ಯಾಸಿಯಂ ದೇಹದಿಂದ ಹೊರಹೋಗುವುದರಿಂದ ಅಂದು ವೈದ್ಯರನ್ನು ಬೇಗ ಕಾಣಬೇಕು.

ಅಟ್ಯಾಕ್ ಶುರುವಾದಾಗ

ಬಹುತೇಕ ರೋಗಿಗಳಿಗೆ ಮುನ್ಸೂಚನೆ ಗೊತ್ತಾಗುತ್ತದೆ: ತೊಡೆಗಳಲ್ಲಿ ಭಾರ, ಮೆಟ್ಟಿಲು ಹತ್ತುವಾಗ ಕಾಲು ಎಳೆಯುವುದು, ಕೈಯಲ್ಲಿ ಲೋಟ ಹಿಡಿದಾಗ ಸಡಿಲವೆನಿಸುವುದು. ಆ ಹೊತ್ತಿಗೆ ಮಲಗಿಬಿಡುವುದಕ್ಕಿಂತ ನಿಧಾನವಾಗಿ ಓಡಾಡುತ್ತಿರುವುದು ಒಳ್ಳೆಯದು. ಹಗುರವಾದ ಚಲನೆಯಿಂದಲೇ ಸಣ್ಣ ಅಟ್ಯಾಕ್‌ಗಳು ಹಿಂದೆ ಸರಿಯುವುದುಂಟು. ಬೀಳುವ ಅಪಾಯವಿದ್ದರೆ ಕುಳಿತಲ್ಲೇ ಕೈಕಾಲು ಆಡಿಸುತ್ತಿರಬೇಕು.

ಅದರ ಜೊತೆಗೆ ಹೈಪೊಕಲೇಮಿಕ್ ವಿಧದವರು ತೆಗೆದುಕೊಳ್ಳಬೇಕಾದದ್ದು ಬಾಯಿಯ ಮೂಲಕ ಪೊಟ್ಯಾಸಿಯಂ ಕ್ಲೋರೈಡ್. ನೀರಿನಲ್ಲಿ ಕರಗುವ ಪುಡಿ ಅಥವಾ ದ್ರಾವಣದ ರೂಪವೇ ಬೇಕು. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳು ದಿನವಿಡೀ ಮಟ್ಟ ಕಾಯ್ದುಕೊಳ್ಳಲು ಉಪಯೋಗವಾಗಬಹುದು, ಆದರೆ ತುರ್ತಿನಲ್ಲಿ ಅವು ತಡವಾಗಿ ಕೆಲಸ ಮಾಡುತ್ತವೆ. ಔಷಧಿಯನ್ನು ಸಾಕಷ್ಟು ಸಾದಾ ನೀರಿನಲ್ಲಿ ಬೆರೆಸಿ ಗುಟುಕು ಗುಟುಕಾಗಿ ಕುಡಿಯಬೇಕು. ಗಾಢವಾಗಿ ಕುಡಿದರೆ ಹೊಟ್ಟೆ ಉರಿದು ವಾಂತಿಯಾಗುತ್ತದೆ. ಕಹಿ ತಡೆಯಲಾರದೆ ಹಣ್ಣಿನ ರಸದಲ್ಲೋ ಸಿಹಿ ಪಾನೀಯದಲ್ಲೋ ಬೆರೆಸುವವರು, ಮೇಲೆ ಹೇಳಿದ ಇನ್ಸುಲಿನ್ ಕಾರಣದಿಂದ, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಗುತ್ತದೆ.

ಪ್ರಮಾಣವನ್ನು ತೂಕಕ್ಕೆ ಅನುಗುಣವಾಗಿ ತಜ್ಞರು ಬರೆದುಕೊಡುತ್ತಾರೆ: ಮೊದಲ ಸಲ ಎಷ್ಟು, ಅರ್ಧ ಗಂಟೆಯ ನಂತರವೂ ಸುಧಾರಿಸದಿದ್ದರೆ ಮತ್ತೆ ಎಷ್ಟು, ಯಾವ ಹಂತದಲ್ಲಿ ಮನೆಯ ಚಿಕಿತ್ಸೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು ಎಂಬ ಮೂರೂ ಅಂಶಗಳು ಆ ಚೀಟಿಯಲ್ಲಿರಬೇಕು. 24 ಗಂಟೆಗಳಲ್ಲಿ ಒಟ್ಟು 200 ಮಿಲಿಮೋಲ್ ಮೀರಬಾರದೆಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಿತಿ, ಮತ್ತು ಅದರ ಅರ್ಧದಷ್ಟು ತೆಗೆದುಕೊಳ್ಳುವ ಹೊತ್ತಿಗೇ ರಕ್ತ ಪರೀಕ್ಷೆ, ಇಸಿಜಿ ಸೌಲಭ್ಯ ಇರುವಲ್ಲಿ ಇರುವುದು ಕ್ಷೇಮ. ಈ ಎಚ್ಚರಿಕೆಗೆ ಕಾರಣವೂ ಪೊಟ್ಯಾಸಿಯಂ ಒಳಸರಿದಿರುವುದೇ: ಅಟ್ಯಾಕ್ ಮುಗಿಯುತ್ತಿದ್ದಂತೆ ಒಳಗೆ ಹೋದದ್ದೆಲ್ಲ ಹೊರಬರುತ್ತದೆ, ಅದರ ಮೇಲೆ ಕುಡಿದದ್ದೂ ಸೇರಿಕೊಂಡು ಮಟ್ಟ ಅಪಾಯಕಾರಿಯಾಗಿ ಏರಬಹುದು. ಥೈರಾಯ್ಡ್ ಕಾರಣದ ಅಟ್ಯಾಕ್‌ಗಳಲ್ಲಿ ಹೀಗಾಗುವುದು ಹೆಚ್ಚು.

ಚೀಟಿ ಓದುವಾಗ ಒಂದು ಗೊಂದಲ ಪದೇ ಪದೇ ಆಗುತ್ತದೆ. 600 ಮಿಲಿಗ್ರಾಂ ಎಂದು ಬರೆದಿರುವ ಪೊಟ್ಯಾಸಿಯಂ ಕ್ಲೋರೈಡ್ ಮಾತ್ರೆಯಲ್ಲಿ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುವುದಿಲ್ಲ, ಸುಮಾರು ಅದರ ಅರ್ಧ ಮಾತ್ರ ಇರುತ್ತದೆ. ಅದು 8 ಮಿಲಿಮೋಲ್‌ಗೆ ಸಮ. ಬೇರೆ ಕಂಪನಿಯ ಔಷಧಿ ಕೊಂಡಾಗಲೆಲ್ಲ ಮಿಲಿಗ್ರಾಂ ಬದಲು ಮಿಲಿಮೋಲ್ ಅಥವಾ ಮಿಲಿಈಕ್ವಿವಲೆಂಟ್ ಲೆಕ್ಕವನ್ನು ಹೋಲಿಸಬೇಕು, ಪೊಟ್ಯಾಸಿಯಂನ ಮಟ್ಟಿಗೆ ಇವೆರಡೂ ಒಂದೇ. ಮೆಗ್ನೀಸಿಯಂ ಕಡಿಮೆಯಿದ್ದರೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ಮಟ್ಟ ನಿಲ್ಲುವುದಿಲ್ಲವಾದ್ದರಿಂದ ಅದನ್ನೂ ಪರೀಕ್ಷಿಸಲು ಕೇಳಬಹುದು.

ಉಸಿರಾಡಲು ಕಷ್ಟವಾದರೆ, ನುಂಗುವಾಗ ನೀರು ಗಂಟಲಲ್ಲಿ ಸಿಕ್ಕಿಕೊಂಡರೆ, ಎದೆಬಡಿತ ತಪ್ಪುತ್ತಿರುವಂತೆ ಅನಿಸಿದರೆ, ತಲೆಸುತ್ತಿ ಬಿದ್ದರೆ, ಅಥವಾ ಈ ಅಟ್ಯಾಕ್ ಹಿಂದಿನವುಗಳಂತಿಲ್ಲ ಎನಿಸಿದರೆ ಮನೆಯಲ್ಲಿ ಪ್ರಯೋಗ ಮಾಡುತ್ತ ಕೂರಬಾರದು. ನುಂಗಲಾಗದವರ ಬಾಯಿಗೆ ಏನನ್ನೂ ಹಾಕಬಾರದು. ಅಟ್ಯಾಕ್ ಜೀವನದಲ್ಲಿ ಮೊದಲನೆಯದಾಗಿದ್ದರೂ ನೇರವಾಗಿ ಆಸ್ಪತ್ರೆಗೇ ಹೋಗಬೇಕು, ಏಕೆಂದರೆ ಹಠಾತ್ತನೆ ಕೈಕಾಲು ಸೋಲುವುದಕ್ಕೆ ಇನ್ನೂ ಗಂಭೀರವಾದ ಕಾರಣಗಳಿವೆ.

ದಿನನಿತ್ಯದ ಮಾತ್ರೆಗಳು

ಆಹಾರ ಮತ್ತು ದಿನಚರಿಯ ಎಚ್ಚರದಿಂದಲೂ ಅಟ್ಯಾಕ್‌ಗಳು ಕಡಿಮೆಯಾಗದಿದ್ದಾಗ ತಡೆಗಟ್ಟುವ ಔಷಧಿಗಳ ಸರದಿ ಬರುತ್ತದೆ. ಇವುಗಳಲ್ಲಿ ಪ್ರಮುಖವಾದವು ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವನ್ನು ತಡೆಯುವ ಅಸಿಟಜೋಲಮೈಡ್ ಮತ್ತು ಡೈಕ್ಲೋರ್‌ಫೆನಮೈಡ್. ಎರಡೂ ಮೂಲತಃ ಗ್ಲಾಕೋಮಾ ಎಂಬ ಕಣ್ಣಿನ ರೋಗಕ್ಕೆ ಬಳಕೆಯಲ್ಲಿದ್ದವು. ಡೈಕ್ಲೋರ್‌ಫೆನಮೈಡ್‌ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಪೀರಿಯಾಡಿಕ್ ಪೆರಾಲಿಸಿಸ್‌ನ ಹೈಪೊ, ಹೈಪರ್ ಎರಡೂ ವಿಧಗಳಿಗೆ ಅನುಮೋದನೆ ನೀಡಿತು. ಅಸಿಟಜೋಲಮೈಡನ್ನು 1960ರ ದಶಕದಿಂದಲೂ ವೈದ್ಯರು ಈ ರೋಗಕ್ಕೆ ಕೊಡುತ್ತ ಬಂದಿದ್ದಾರೆ. ಈ ಔಷಧಿಗಳು ಮೂತ್ರದ ಮೂಲಕ ಪೊಟ್ಯಾಸಿಯಂ ಹೊರಹೋಗುವಂತೆ ಮಾಡುತ್ತವೆ, ಆದರೂ ಪೊಟ್ಯಾಸಿಯಂ ಇಳಿಯುವ ರೋಗವನ್ನೇ ತಡೆಯುತ್ತವೆ ಎಂಬುದು ವೈದ್ಯಶಾಸ್ತ್ರದ ಸ್ವಾರಸ್ಯಗಳಲ್ಲೊಂದು. ರಕ್ತವನ್ನು ತುಸು ಆಮ್ಲೀಯವಾಗಿಸುವುದು ಅವುಗಳ ಒಂದು ಮುಖ್ಯ ಪರಿಣಾಮ.

ಇವು ಎಲ್ಲರಿಗೂ ಹಿಡಿಸುವುದಿಲ್ಲ. ಹೈಪೊಕಲೇಮಿಕ್ ವಿಧದ 74 ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸಿಟಜೋಲಮೈಡ್‌ನಿಂದ ಪ್ರಯೋಜನವಾದದ್ದು ಅರ್ಧಕ್ಕಿಂತ ಕಡಿಮೆ ಜನರಿಗೆ. ಕ್ಯಾಲ್ಸಿಯಂ ವಾಹಿನಿಯ ದೋಷವಿದ್ದವರಲ್ಲಿ ಶೇ. 56ರಷ್ಟು ಮಂದಿಗೆ ಗುಣ ಕಂಡರೆ ಸೋಡಿಯಂ ವಾಹಿನಿಯ ದೋಷವಿದ್ದವರಲ್ಲಿ ಶೇ. 16ರಷ್ಟು ಮಂದಿಗೆ ಮಾತ್ರ ಗುಣ ಕಂಡಿತು. ಸೋಡಿಯಂ ವಾಹಿನಿಯ ದೋಷವಿರುವ ಕೆಲವರಲ್ಲಿ ಅಟ್ಯಾಕ್‌ಗಳು ಹೆಚ್ಚಾಗುವುದೂ ಉಂಟು. ವಂಶವಾಹಿ ಪರೀಕ್ಷೆಗೆ ಖರ್ಚು ಮಾಡುವುದು ಸಾರ್ಥಕವೆಂದು ನಾನು ಭಾವಿಸುವುದಕ್ಕೆ ಈ ಅಂಕಿಗಳೇ ಕಾರಣ: ಔಷಧಿ ಆರಂಭಿಸಿದ ಮೇಲೆ ಬಲ ಇನ್ನೂ ಕುಸಿದರೆ ಅದನ್ನು ರೋಗದ ಏರಿಳಿತವೆಂದು ತಳ್ಳಿಹಾಕದೆ ಔಷಧಿಯನ್ನೇ ಅನುಮಾನಿಸಲು ಆ ವರದಿ ಆಧಾರ ಕೊಡುತ್ತದೆ.

ಅಸಿಟಜೋಲಮೈಡನ್ನು ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೆ 125 ಮಿಲಿಗ್ರಾಂನಿಂದ ಆರಂಭಿಸಿ ಅಗತ್ಯ ನೋಡಿ 1000 ಮಿಲಿಗ್ರಾಂವರೆಗೆ ಏರಿಸುತ್ತಾರೆ. ಡೈಕ್ಲೋರ್‌ಫೆನಮೈಡ್‌ನ ಗರಿಷ್ಠ ಮಿತಿ ದಿನಕ್ಕೆ 200 ಮಿಲಿಗ್ರಾಂ. ಬೆರಳು ಮತ್ತು ತುಟಿಗಳ ಸುತ್ತ ಜುಮುಗುಡುವುದು, ಬಾಯಿರುಚಿ ಕೆಡುವುದು, ಯೋಚನೆ ಮಂದವಾದಂತೆ ಆಗುವುದು, ಸುಸ್ತು ಇವು ಹೆಚ್ಚಾಗಿ ಕಾಣಿಸುವ ಅಡ್ಡಪರಿಣಾಮಗಳು. ಸೋಡಾ ಕುಡಿದರೆ ಅದರ ಚುರುಕು ಕಳೆದುಹೋಗಿ ಲೋಹದ ರುಚಿ ಬಂದಂತೆ ಆಗುವುದೂ ಇದರಲ್ಲೊಂದು, ಅದರಿಂದ ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಮೂತ್ರಪಿಂಡದ ಕಲ್ಲಿಗೆ: ದಿನವಿಡೀ ಸಾಕಷ್ಟು ನೀರು ಕುಡಿಯಬೇಕು, ಸೊಂಟದ ಪಕ್ಕದಲ್ಲಿ ನೋವು ಕಂಡರೆ ಅಥವಾ ಮೂತ್ರ ಕೆಂಪಾದರೆ ಕೂಡಲೇ ತಿಳಿಸಬೇಕು, ಆಗಾಗ್ಗೆ ಅಲ್ಟ್ರಾಸೌಂಡ್ ಮಾಡಿಸಿಕೊಳ್ಳಬೇಕು. ಸಲ್ಫಾ ಔಷಧಿಗಳ ಅಲರ್ಜಿ, ಯಕೃತ್ತಿನ ಅಥವಾ ಶ್ವಾಸಕೋಶದ ತೀವ್ರ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಜೊತೆಗೆ ಡೈಕ್ಲೋರ್‌ಫೆನಮೈಡ್ ಕೊಡಬಾರದು. ಗರ್ಭಧಾರಣೆಯ ಯೋಚನೆ ಇರುವವರು ಅದಕ್ಕೂ ಮುಂಚೆಯೇ ಔಷಧಿಯ ಬಗ್ಗೆ ಚರ್ಚಿಸಬೇಕು. ಔಷಧಿ ಹಿಡಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ಒಂದೆರಡು ವಾರ ಸಾಲದು. ಎರಡು ತಿಂಗಳು ನೋಡಿ ಮರುಪರಿಶೀಲಿಸುವುದು ರೂಢಿ.

ಹೈಪೊಕಲೇಮಿಕ್ ವಿಧದಲ್ಲಿ ಇವುಗಳಿಂದ ಪ್ರಯೋಜನವಾಗದವರಿಗೆ, ಅಥವಾ ಇವುಗಳ ಜೊತೆಯಲ್ಲಿ, ಪೊಟ್ಯಾಸಿಯಂ ಉಳಿಸುವ ಮೂತ್ರವರ್ಧಕಗಳಾದ ಸ್ಪಿರೊನೊಲ್ಯಾಕ್ಟೋನ್, ಎಪ್ಲೆರೆನೋನ್, ಅಮಿಲೊರೈಡ್, ಟ್ರಯಮ್ಟೆರಿನ್ ಇವುಗಳಲ್ಲೊಂದನ್ನು ಕೊಡುವುದುಂಟು. ಸ್ಪಿರೊನೊಲ್ಯಾಕ್ಟೋನ್‌ನಿಂದ ಗಂಡಸರಲ್ಲಿ ಎದೆ ಊದಿಕೊಂಡು ನೋಯಬಹುದು; ಮುಜುಗರದಿಂದ ಮುಚ್ಚಿಡದೆ ಹೇಳಿದರೆ ಎಪ್ಲೆರೆನೋನ್‌ಗೆ ಬದಲಾಯಿಸಬಹುದು. ಈ ಔಷಧಿಗಳನ್ನು ತೆಗೆದುಕೊಳ್ಳುತ್ತಿರುವಾಗ ಪೊಟ್ಯಾಸಿಯಂ ಪುಡಿಯನ್ನೂ ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಮಟ್ಟ ಅತಿಯಾಗಿ ಏರುವ ಸಾಧ್ಯತೆಯಿರುವುದರಿಂದ ಎರಡರ ಲೆಕ್ಕವನ್ನೂ ರಕ್ತ ಪರೀಕ್ಷೆಯೊಂದಿಗೆ ಹೊಂದಿಸಿಕೊಳ್ಳಬೇಕು.

ಹೈಪರ್‌ಕಲೇಮಿಕ್ ವಿಧದವರಿಗೆ

ಇಲ್ಲಿ ಬಹುಪಾಲು ನಿಯಮಗಳು ತಿರುವುಮುರುವಾಗುತ್ತವೆ. ಅಟ್ಯಾಕ್‌ಗಳು ಬಾಲ್ಯದ ಮೊದಲ ಹತ್ತು ವರ್ಷಗಳಲ್ಲೇ ಆರಂಭವಾಗುತ್ತವೆ, ಹೆಚ್ಚಾಗಿ ಗಂಟೆಯೊಳಗೆ ಅಥವಾ ಕೆಲವೇ ಗಂಟೆಗಳಲ್ಲಿ ಮುಗಿಯುತ್ತವೆ, ಆದರೆ ಹೆಚ್ಚು ಸಲ ಬರುತ್ತವೆ; ಹಿಡಿದ ಮುಷ್ಟಿ ಬೇಗ ಬಿಚ್ಚದಂಥ ಸ್ನಾಯುಬಿಗಿತವೂ ಕೆಲವರಲ್ಲಿ ಜೊತೆಗಿರುತ್ತದೆ. ಉಪವಾಸ ಇವರ ಶತ್ರು. ಬೆಳಗ್ಗೆ ಎದ್ದ ಕೂಡಲೇ ಏನಾದರೂ ತಿನ್ನಬೇಕು, ದಿನವಿಡೀ ಪಿಷ್ಟವಿರುವ ಸಣ್ಣ ಸಣ್ಣ ಊಟಗಳನ್ನು ಮಾಡಬೇಕು, ಒಣಹಣ್ಣು, ಹಣ್ಣಿನ ರಸ, ಬಾಳೆಹಣ್ಣು, ಟೊಮೆಟೊ ಸಾಂದ್ರದಂಥ ಪೊಟ್ಯಾಸಿಯಂಭರಿತ ಪದಾರ್ಥಗಳನ್ನು ಮಿತಗೊಳಿಸಬೇಕು. ಆಲೂಗಡ್ಡೆಯಂಥ ಗೆಡ್ಡೆಗಳನ್ನು ಸಿಪ್ಪೆ ತೆಗೆದು, ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಿದರೆ ಪೊಟ್ಯಾಸಿಯಂ ಗಣನೀಯವಾಗಿ ಕಡಿಮೆಯಾಗುತ್ತದೆ. ಅಟ್ಯಾಕ್‌ನ ಸುಳಿವು ಸಿಕ್ಕೊಡನೆ ಗ್ಲೂಕೋಸ್ ಅಥವಾ ಸಿಹಿ ತಿಂದು ಸ್ವಲ್ಪ ಓಡಾಡಿದರೆ ಹಲವರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್ ಇನ್‌ಹೇಲರ್ ಪೊಟ್ಯಾಸಿಯಂ ಅನ್ನು ಕೋಶದೊಳಕ್ಕೆ ಕಳಿಸುವುದರಿಂದ ಇವರಿಗೆ ನೆರವಾಗುತ್ತದೆ. ಅದೇ ಕಾರಣಕ್ಕೆ ಹೈಪೊಕಲೇಮಿಕ್ ವಿಧದವರಿಗೆ ಅದು ಹಾನಿ ಮಾಡುತ್ತದೆ. ತಡೆಗಟ್ಟುವ ಔಷಧಿಯಾಗಿ ಥಯಜೈಡ್ ಮೂತ್ರವರ್ಧಕಗಳನ್ನಾಗಲಿ ಮೇಲೆ ಹೇಳಿದ ಕಿಣ್ವತಡೆಗಳನ್ನಾಗಲಿ ಬಳಸುತ್ತಾರೆ. ರಕ್ತದೊತ್ತಡಕ್ಕೆ ಕೊಡುವ ಎಸಿಇ ತಡೆಗಳು ಪೊಟ್ಯಾಸಿಯಂ ಏರಿಸುವುದರಿಂದ ಆ ಚೀಟಿ ಬರೆಯುವ ವೈದ್ಯರಿಗೆ ರೋಗದ ವಿಷಯ ಗೊತ್ತಿರಬೇಕು.

ಚಳಿ ಎರಡೂ ವಿಧದವರಿಗೆ ಆಗದು, ಕಠಿಣ ಶ್ರಮದ ನಂತರದ ವಿಶ್ರಾಂತಿಯೂ ಆಗದು. ಹಾಗೆಂದು ವ್ಯಾಯಾಮ ಬಿಡುವುದು ತಪ್ಪು. ನಿತ್ಯ ಹಿತಮಿತವಾಗಿ ನಡೆಯುವುದು, ಈಜುವುದು, ಸೈಕಲ್ ತುಳಿಯುವುದು ಒಳ್ಳೆಯದೇ. ನಿಲ್ಲಿಸುವಾಗ ಥಟ್ಟನೆ ಕುಳಿತುಬಿಡದೆ ಹತ್ತು ಹದಿನೈದು ನಿಮಿಷ ನಿಧಾನವಾಗಿ ಇಳಿಸಿಕೊಂಡು ಬರಬೇಕು. ದೀರ್ಘ ಪ್ರಯಾಣದಲ್ಲಿ ಆಗಾಗ ಇಳಿದು ನಡೆಯಬೇಕು.

ದಿನಚರಿ ಪುಸ್ತಕ ಮತ್ತು ತುರ್ತು ಪತ್ರ

ಅಟ್ಯಾಕ್ ಬಂದ ಗಂಟೆಗಿಂತ ಅದರ ಹಿಂದಿನ 24 ಗಂಟೆಗಳಲ್ಲಿ ಏನು ನಡೆಯಿತೆಂಬುದು ಮುಖ್ಯ. ಏನು ಯಾವಾಗ ತಿಂದರು, ಎಷ್ಟು ದುಡಿದರು, ನಿದ್ದೆ ಹೇಗಿತ್ತು, ಮನಸ್ಸು ಕಲಕಿತ್ತೇ, ಜ್ವರ ಶೀತ ಇತ್ತೇ, ಯಾವ ಔಷಧಿ ತಪ್ಪಿತು, ಬಲ ಎಷ್ಟು ಕುಂದಿತು, ಎಷ್ಟು ಹೊತ್ತಿಗೆ ಮರಳಿತು ಎಂಬುದನ್ನು ಮೂರು ತಿಂಗಳ ಕಾಲ ಬರೆದಿಟ್ಟರೆ ಪ್ರತಿಯೊಬ್ಬರದೂ ಬೇರೆಯೇ ಆದ ಪ್ರಚೋದಕಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಒಬ್ಬರಿಗೆ ಸಿಹಿಯೇ ಕಾರಣವಾದರೆ ಮತ್ತೊಬ್ಬರಿಗೆ ಪರೀಕ್ಷೆ ಮುಗಿದ ಮರುದಿನದ ನಿರಾಳವೇ ಕಾರಣವಾಗಿರಬಹುದು.

ಇನ್ನು ಆಸ್ಪತ್ರೆಗೆ ಒಯ್ಯುವ ಪತ್ರ. ತಜ್ಞರ ಸಹಿಯಿರುವ ಒಂದು ಪುಟದ ಪತ್ರದಲ್ಲಿ ರೋಗದ ವಿಧ, ವಂಶವಾಹಿಯ ಹೆಸರು, ನಿತ್ಯದ ಔಷಧಿಗಳು ಮತ್ತು ಕೊಡಬಾರದವುಗಳ ಹೆಸರು ಇರಬೇಕು. ತುರ್ತು ವಿಭಾಗದಲ್ಲಿ ನಿಶ್ಶಕ್ತರಾಗಿ ಬಂದವರಿಗೆ ಅಭ್ಯಾಸಬಲದಿಂದ ಗ್ಲೂಕೋಸ್ ಡ್ರಿಪ್ ಹಾಕಿಬಿಡುವುದುಂಟು, ಹೈಪೊಕಲೇಮಿಕ್ ರೋಗಿಗೆ ಅದು ಅಟ್ಯಾಕನ್ನು ಇನ್ನೂ ಆಳಕ್ಕೆ ತಳ್ಳುತ್ತದೆ. ಬಾಯಿಯಿಂದ ಕೊಡಲಾಗದಿದ್ದಾಗ ಪೊಟ್ಯಾಸಿಯಂ ಅನ್ನು ಗ್ಲೂಕೋಸಿನಲ್ಲಾಗಲಿ ಸಲೈನಿನಲ್ಲಾಗಲಿ ಬೆರೆಸದೆ ಮ್ಯಾನಿಟಾಲ್ ದ್ರಾವಣದಲ್ಲಿ, ಇಸಿಜಿ ನೋಡುತ್ತ ಕೊಡಬೇಕೆಂಬ ಸಾಲು ಆ ಪತ್ರದಲ್ಲಿರಲಿ. ಹೈಪೊಕಲೇಮಿಕ್ ವಿಧದವರಿಗೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್, ಪೊಟ್ಯಾಸಿಯಂ ಕಳೆಯುವ ಮೂತ್ರವರ್ಧಕಗಳೂ ನಿಷಿದ್ಧಗಳ ಸಾಲಿನಲ್ಲಿ ಸೇರುತ್ತವೆ. ಹಲ್ಲು ಕೀಳಿಸುವಾಗ ಮರಗಟ್ಟಿಸುವ ಚುಚ್ಚುಮದ್ದಿನಲ್ಲಿ ಅಡ್ರಿನಲಿನ್ ಬೆರೆಸಿರುವುದರಿಂದ ಅದಿಲ್ಲದ ಮದ್ದನ್ನು ಕೇಳಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಅರಿವಳಿಕೆ ತಜ್ಞರನ್ನು ಮುಂಚಿತವಾಗಿ ಕಾಣಬೇಕು. ಸಕ್ಸಮಿಥೋನಿಯಂ ಎಂಬ ಸ್ನಾಯು ಸಡಿಲಿಸುವ ಔಷಧಿಯನ್ನು ಬಿಡುವುದು, ದೇಹವನ್ನು ಬೆಚ್ಚಗಿಡುವುದು, ಬಹಳ ಹೊತ್ತು ಉಪವಾಸ ಇರಿಸದಿರುವುದು ಅವರು ಮಾಡಿಕೊಳ್ಳಬೇಕಾದ ಏರ್ಪಾಡುಗಳು.

ಅಟ್ಯಾಕ್‌ಗಳು ವಯಸ್ಸಾದಂತೆ ವಿರಳವಾಗುವುದುಂಟು, ಆದರೆ ತೊಡೆ ಮತ್ತು ಸೊಂಟದ ಸುತ್ತಲಿನ ಸ್ನಾಯುಗಳಲ್ಲಿ ಮಧ್ಯವಯಸ್ಸಿನ ನಂತರ ನಿಧಾನವಾಗಿ ಶಾಶ್ವತ ಬಲಹೀನತೆ ಬರಬಹುದು, ಹೆಚ್ಚು ಅಟ್ಯಾಕ್ ಬರದವರಲ್ಲೂ ಬರಬಹುದು. ಆದ್ದರಿಂದ ಅಟ್ಯಾಕ್ ನಿಂತವೆಂದು ತಪಾಸಣೆಯನ್ನು ನಿಲ್ಲಿಸಬಾರದು. ವರ್ಷಕ್ಕೊಮ್ಮೆ ಸ್ನಾಯುಬಲವನ್ನು ಅಳೆಸಿ, ಕುರ್ಚಿಯಿಂದ ಕೈಯೂರದೆ ಏಳಲು ಆಗುತ್ತದೆಯೇ ಎಂಬುದನ್ನು ಗುರುತುಹಾಕಿಸಿಕೊಳ್ಳಬೇಕು. ತಂದೆ ಅಥವಾ ತಾಯಿಗೆ ಈ ರೋಗವಿದ್ದರೆ ಪ್ರತಿ ಮಗುವಿಗೂ ದೋಷವುಳ್ಳ ಜೀನ್ ಬರುವ ಸಾಧ್ಯತೆ ಶೇ. 50. ಹೈಪೊಕಲೇಮಿಕ್ ವಿಧದಲ್ಲಿ ಹೆಣ್ಣುಮಕ್ಕಳಲ್ಲಿ ಜೀನ್ ಇದ್ದೂ ಲಕ್ಷಣಗಳು ಕಾಣದಿರುವುದು ಗಂಡುಮಕ್ಕಳಿಗಿಂತ ಹೆಚ್ಚಾದ್ದರಿಂದ, ಲಕ್ಷಣವಿಲ್ಲದ ಅಕ್ಕತಂಗಿಯರೂ ಯಾವುದೇ ಶಸ್ತ್ರಚಿಕಿತ್ಸೆಗೆ ಮುಂಚೆ ಮನೆತನದಲ್ಲಿ ಈ ರೋಗವಿರುವುದನ್ನು ಅರಿವಳಿಕೆ ತಜ್ಞರಿಗೆ ತಿಳಿಸಬೇಕು.